ಅಪ್ಪನನ್ನು ಕಿಡ್ನಿ ಟ್ರಯಲ್‌ಗೆ ಸೇರಿಸಬೇಕೋ, ಬೇಡವೋ?

ಪ್ರಶ್ನೆ: ನಮ್ಮದು ರಾಣೆಬೆನ್ನೂರು ತಾಲ್ಲೂಕಿನ ಹಳ್ಳಿ. ಅಪ್ಪನಿಗೆ 58 ವರ್ಷ, ಶುಗರ್ ಬಂದು 12 ವರ್ಷ ಆಯಿತು. ಈಗ ಕಿಡ್ನಿಯ ರಕ್ತಪರೀಕ್ಷೆಯಲ್ಲಿ ಕ್ರಿಯೇಟಿನಿನ್ 2.0 ಇದೆ, ಸಂಜೆ ಹೊತ್ತಿಗೆ ಕಾಲು ಬಾಯುತ್ತವೆ. ಹುಬ್ಬಳ್ಳಿಯ ಡಾಕ್ಟರು, ಹೊಸ ಔಷಧಿಯ ಕ್ಲಿನಿಕಲ್ ಟ್ರಯಲ್ ಇದೆ, ಸೇರುವುದಾದರೆ ವಿಚಾರ ಮಾಡಿ ಅಂದಿದ್ದಾರೆ. ಅದರಲ್ಲಿ ಅರ್ಧ ಜನರಿಗೆ ಔಷಧಿಯೇ ಇಲ್ಲದ ಗುಳಿಗೆ ಕೊಡ್ತಾರಂತೆ. ದೊಡ್ಡಪ್ಪ, "ಇಲಿ ಮ್ಯಾಲೆ ಮಾಡೂ ಪ್ರಯೋಗ ಅದು, ಬ್ಯಾಡ" ಅಂತಾರೆ. ಬೇಡ ಅಂದರೆ ಡಾಕ್ಟರಿಗೆ ಬೇಜಾರಾಗಿ, ಮುಂದೆ ಸರಿಯಾಗಿ ನೋಡದೇ ಹೋದರೆ?
– ಓದುಗರು, ಹಾವೇರಿ ಜಿಲ್ಲೆ

ಉತ್ತರ: ನಿಮ್ಮ ಕೊನೆಯ ಮಾತಿನಿಂದಲೇ ಶುರು ಮಾಡ್ತೀನಿ ತಂಗಿ, ಬಹಳ ಜನ ಆ ಹೆದರಿಕೆಗೇ ಸಹಿ ಹಾಕಿಬಿಡುತ್ತಾರೆ. ಬೇಡ ಅನ್ನುವ ಹಕ್ಕು ನಿಮ್ಮಪ್ಪನಿಗೆ ಪೂರ್ತಿ ಇದೆ. ಸೇರಿದ ಮೇಲೂ ಯಾವಾಗ ಬೇಕಾದರೂ ಬಿಡಬಹುದು, ಕಾರಣ ಹೇಳಬೇಕಿಲ್ಲ. ಅದರಿಂದ ಅವರ ಮಾಮೂಲಿ ಚಿಕಿತ್ಸೆಗೆ ಕುಂದು ಬರಬಾರದು. ಒಪ್ಪಿಗೆ ಪತ್ರದಲ್ಲೇ ಇದನ್ನು ಬರೆದಿರುತ್ತಾರೆ, ಹುಡುಕಿ ಓದಿ.

ಈಗ ಆ ಔಷಧಿ ಇಲ್ಲದ ಗುಳಿಗೆ, ಅಂದರೆ ಪ್ಲಸೀಬೊ. ಅದನ್ನು ಕೊಟ್ಟರೆ ಅಪ್ಪನನ್ನು ಸುಮ್ನೆ ಬಿಟ್ಟರು ಅಂತ ಅರ್ಥ ಅಲ್ಲ. ಬಿಪಿ ಗುಳಿಗೆ, ಶುಗರ್ ಔಷಧಿ ಎಲ್ಲರಿಗೂ ನಡೆದೇ ಇರುತ್ತವೆ. ಅದರ ಮೇಲೆ ಒಬ್ಬರಿಗೆ ಹೊಸ ಗುಳಿಗೆ, ಇನ್ನೊಬ್ಬರಿಗೆ ಅದೇ ಬಣ್ಣದ, ಅದೇ ಆಕಾರದ ಖಾಲಿ ಗುಳಿಗೆ. ಯಾರಿಗೆ ಯಾವುದು ಅನ್ನುವುದು ಚೀಟಿ ಎತ್ತಿದ ಹಾಗೆ ತೀರ್ಮಾನ ಆಗುತ್ತದೆ. ಇಂಥದೇ ಟ್ರಯಲ್‌ನಲ್ಲಿದ್ದ ಅಣ್ಣಿಗೇರಿ ಕಡೆಯ ಹಿರಿಯರೊಬ್ಬರು ಒಮ್ಮೆ ಗುಳಿಗೆಯ ಪಟ್ಟಿಯನ್ನು ನನ್ನ ಮೇಜಿನ ಮೇಲಿಟ್ಟು, ಬೆರಳಿನಿಂದ ತಟ್ಟುತ್ತಾ ಕೇಳಿದರು: "ಖರೇ ಹೇಳ್ರಿ ಡಾಕ್ಟ್ರ, ಇದರಾಗ ಔಷಧ ಐತೋ ಇಲ್ಲೋ?" ನನಗೂ ಗೊತ್ತಿಲ್ರೀ ಅಂದೆ. ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, "ನಿಮಗೂ ಗೊತ್ತಿಲ್ಲಂದ್ರ ಅಡ್ಡಿಯಿಲ್ಲ ಬಿಡ್ರಿ" ಅಂದರು. ನನಗೆ ಗೊತ್ತಿದ್ದರೆ ಹೊಸ ಔಷಧಿ ತಗೊಂಡವರನ್ನೇ ನಾನು ಜಾಸ್ತಿ ಮುತುವರ್ಜಿಯಿಂದ ನೋಡ್ತಿದ್ದೆನೇನೋ. ಆಗ ಗುಣ ಔಷಧಿಯದೋ, ನನ್ನ ಆರೈಕೆಯದೋ ತಿಳಿಯುವುದು ಹೇಗೆ?

ಇಂಥ ಲೆಕ್ಕದಿಂದಲೇ ಡಾಪಾಗ್ಲಿಫ್ಲೋಜಿನ್ ಕಿಡ್ನಿಗೆ ಒಳ್ಳೆಯದು ಅಂತ ಗೊತ್ತಾಗಿದ್ದು. ಅದು ಮೊದಲು ಶುಗರ್ ಗುಳಿಗೆ ಅಷ್ಟೇ ಆಗಿತ್ತು. ಭಾರತವೂ ಸೇರಿ 21 ದೇಶಗಳ 4,304 ರೋಗಿಗಳು ಆ ಟ್ರಯಲ್‌ನಲ್ಲಿದ್ದರು. ಸುಮಾರು ಎರಡೂವರೆ ವರ್ಷ ನೋಡಿದಾಗ, ಕಿಡ್ನಿಯ ಕೆಲಸ ಅರ್ಧಕ್ಕರ್ಧ ಕುಸಿದವರು, ಕಿಡ್ನಿ ಪೂರ್ತಿ ಸೋತವರು, ಕಿಡ್ನಿ ಅಥವಾ ಹೃದಯದ ಕಾರಣಕ್ಕೆ ತೀರಿಕೊಂಡವರು ಎಲ್ಲ ಸೇರಿ ಖಾಲಿ ಗುಳಿಗೆಯವರಲ್ಲಿ 312, ಔಷಧಿಯವರಲ್ಲಿ 197. ಎರಡೂ ಗುಂಪಿನಲ್ಲಿ ಇದ್ದವರು ಸಮಸಮ, 2,152. ಗುಣ ಅಷ್ಟು ಸ್ಪಷ್ಟವಾಗಿದ್ದರಿಂದ ಟ್ರಯಲ್ ಅನ್ನು ಮೊದಲೇ ನಿಲ್ಲಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದೇ ವರ್ಷ ಅದರ ಮೊದಲ ಪೇಟೆಂಟ್ ನಮ್ಮ ದೇಶದಲ್ಲಿ ಮುಗಿಯಿತು, ಆಮೇಲೆ ಬೆಲೆಯೂ ಇಳಿಯಿತು.

ದೊಡ್ಡಪ್ಪನ ಹೆದರಿಕೆಯನ್ನೂ ಹಗುರವಾಗಿ ತಳ್ಳಿಹಾಕಲಾರೆ. ಐಜಿಎ ನೆಫ್ರೋಪತಿ ಅನ್ನುವ ಕಿಡ್ನಿ ಕಾಯಿಲೆಗೆ ಸ್ಟೆರಾಯ್ಡ್ ಕೊಟ್ಟು ನೋಡಿದ ಟೆಸ್ಟಿಂಗ್ ಎಂಬ ಟ್ರಯಲ್‌ನಲ್ಲಿ ಭಾರತದವರೂ ಇದ್ದರು. ಗಂಭೀರ ಸೋಂಕುಗಳು ಹೆಚ್ಚಾದವು, ಕೆಲವರು ತೀರಿಕೊಂಡರು. ರೋಗಿಗಳ ಸುರಕ್ಷತೆಯ ಲೆಕ್ಕ ನೋಡಿ 2015ರಲ್ಲಿ ಅದನ್ನು ನಿಲ್ಲಿಸಿದರು. ಆಮೇಲೆ ಡೋಸ್ ಇಳಿಸಿ, ಸೋಂಕು ತಡೆಯುವ ಔಷಧಿಯನ್ನೂ ಕೊಟ್ಟು ಮುಂದುವರಿಸಿದರು. ಅಪಾಯ ಇದ್ದೇ ಇದೆ. ಅದಕ್ಕೇ ಕೇಳಿ ತಿಳಿದುಕೊಂಡು ಸೇರಬೇಕು.

ಏನು ಕೇಳಬೇಕು? ಟ್ರಯಲ್ ನಡೆಸುವವರು ಯಾರು, ರೋಗಿಗಳ ಹಿತ ಕಾಯುವ ಎಥಿಕ್ಸ್ ಕಮಿಟಿ ಒಪ್ಪಿದೆಯಾ, ಸಿಟಿಆರ್‌ಐ (ನಮ್ಮ ದೇಶದ ಟ್ರಯಲ್‌ಗಳ ನೋಂದಣಿ) ನಂಬರ್ ಎಷ್ಟು. ಸಿಟಿಆರ್‌ಐ ವೆಬ್‌ಸೈಟಿನಲ್ಲಿ ಆ ನಂಬರ್ ಹಾಕಿದರೆ ಫೋನಿನಲ್ಲೇ ಟ್ರಯಲ್‌ನ ವಿವರ ಕಾಣುತ್ತದೆ. ಟ್ರಯಲ್‌ನಿಂದ ತೊಂದರೆಯಾದರೆ ಚಿಕಿತ್ಸೆ, ಪರಿಹಾರ ಎರಡೂ ಕೊಡಬೇಕು ಅಂತ ಕ್ಲಿನಿಕಲ್ ಟ್ರಯಲ್‌ಗಳ 2019ರ ನಿಯಮಗಳಲ್ಲೇ ಇದೆ. ಬಸ್ ಚಾರ್ಜು ಕೇಳಲು ನಾಚಬೇಡಿ. ಹುಬ್ಬಳ್ಳಿಗೆ ಹೋಗಿ ಬರುವಷ್ಟರಲ್ಲಿ ನಿಮ್ಮ ಒಂದು ದಿನದ ಕೂಲಿ ಹೋಗುತ್ತೆ ಅಲ್ವಾ? ಒಪ್ಪಿಗೆ ಪತ್ರ ಕನ್ನಡದಲ್ಲೇ ಇರಲಿ, ಮನೆಗೆ ತಂದು ದೊಡ್ಡಪ್ಪನ ಎದುರಿಗೇ ಓದಿ. ಈಗಲೇ ಸಹಿ ಹಾಕಿ ಅಂತ ಯಾರಾದರೂ ಅವಸರ ಮಾಡಿದರೆ ಎದ್ದು ಬನ್ನಿ.

ಆದರೆ ಇದಕ್ಕೂ ಮೊದಲು ನೋಡಬೇಕಾದ್ದು ಒಂದಿದೆ. 58 ವರ್ಷದ ಗಂಡಸಿಗೆ ಕ್ರಿಯೇಟಿನಿನ್ 2.0 ಅಂದರೆ ಕಿಡ್ನಿ ಸೋಸುವ ಅಳತೆ, ಇಜಿಎಫ್‌ಆರ್, ಸುಮಾರು 38. ಸಾಮಾನ್ಯವಾಗಿ 90ರ ಮೇಲಿರಬೇಕು. 15ಕ್ಕಿಂತ ಕೆಳಗೆ ಇಳಿದರೆ ಕಿಡ್ನಿ ಸೋತಿತು ಅನ್ನುತ್ತೇವೆ. ಕಳೆದುಹೋದದ್ದನ್ನು ಯಾವ ಗುಳಿಗೆಯೂ ವಾಪಸ್ ತರುವುದಿಲ್ಲ, ಇಳಿಯುವ ವೇಗ ತಗ್ಗಿಸಬಹುದು. ಆ ಕೆಲಸಕ್ಕೆ ಈಗಾಗಲೇ ಗುಣ ಕಂಡ ಔಷಧಿಗಳಿವೆ: ಲೋಸಾರ್ಟನ್ ಅಥವಾ ಟೆಲ್ಮಿಸಾರ್ಟನ್ ಎಂಬ ಬಿಪಿ ಗುಳಿಗೆ, ಜೊತೆಗೆ ಡಾಪಾಗ್ಲಿಫ್ಲೋಜಿನ್. ಇವು ಅಪ್ಪನಿಗೆ ಶುರುವಾಗಿವೆಯಾ? ಆಗಿಲ್ಲದಿದ್ದರೆ ಯಾಕೆ ಅಂತ ಕೇಳಿ, ಪೊಟ್ಯಾಷಿಯಂ ಜಾಸ್ತಿ ಇರುವಂಥ ಸರಿಯಾದ ಕಾರಣವೂ ಇರಬಹುದು. ಗೊತ್ತಿರುವ ಔಷಧಿ ಸಿಗದೇ ಹೊಸದರ ಟ್ರಯಲ್‌ಗೆ ಸೇರುವುದು ನನಗೆ ಒಪ್ಪಿಗೆಯಿಲ್ಲ. ಅವು ನಡೆಯುತ್ತಿದ್ದು, ಮೇಲಿನ ಪ್ರಶ್ನೆಗಳಿಗೆ ನೇರ ಉತ್ತರ ಸಿಕ್ಕರೆ, ನಮ್ಮಪ್ಪನೇ ಆಗಿದ್ದರೂ ಸೇರಿ ಅನ್ನುತ್ತಿದ್ದೆ.

ಮುಂದಿನ ಸಲ ಹೋಗುವಾಗ ಹಳೆಯ ರಿಪೋರ್ಟುಗಳ ಚೀಲದ ಜೊತೆ ಅಪ್ಪ ನುಂಗುವ ಎಲ್ಲ ಗುಳಿಗೆಗಳನ್ನೂ ತಗೊಂಡು ಹೋಗಿ. ಮೊಣಕಾಲು ನೋವಿಗೆ ಮೆಡಿಕಲ್ ಶಾಪಿನಿಂದ ತಂದ ನೋವಿನ ಗುಳಿಗೆ, ಯಾರೋ ಕೊಟ್ಟ ಭಸ್ಮ, ನಾಟಿ ಔಷಧಿ, ಯಾವುದನ್ನೂ ಮುಚ್ಚಿಡಬೇಡಿ. ಡೈಕ್ಲೋಫೆನಾಕ್‌ನಂಥ ನೋವಿನ ಗುಳಿಗೆ ಇದ್ದರೆ ಇವತ್ತಿನಿಂದಲೇ ನಿಲ್ಲಿಸಿ. ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಎಷ್ಟು ಹೋಗುತ್ತಿದೆ ಅನ್ನುವ ಪರೀಕ್ಷೆ ಆಗಿಲ್ಲದಿದ್ದರೆ, ಅದನ್ನು ಅಲ್ಲೇ ಮಾಡಿಸಿಕೊಂಡು ಬನ್ನಿ.