ರಶೀದಿಯ ಎದುರು ಸದಸ್ಯರ ಹೆಸರು ಖಾಲಿ ಬರುತ್ತಿದೆ

ಪ್ರಶ್ನೆ: ನಮ್ಮ ಸಂಘದ ಅಡಿಕೆ ಖರೀದಿ ಲೆಕ್ಕವೆಲ್ಲ ಒಂದೇ ಎಕ್ಸ್‌ಎಂಎಲ್ ಕಡತದಲ್ಲಿದೆ. ಮೇಲೆ ಸದಸ್ಯರ ಪಟ್ಟಿ, ಕೆಳಗೆ ರಶೀದಿಗಳು. ರಶೀದಿಯಲ್ಲಿ ಸದಸ್ಯಸಂಖ್ಯೆ ಮಾತ್ರ ಇದೆ. ಆ ಕಡತವನ್ನು ಬೇರೆ ರೂಪಕ್ಕೆ ಬದಲಿಸುವ ಭಾಷೆಯಾದ ಎಕ್ಸ್‌ಎಸ್‌ಎಲ್‌ಟಿಯಲ್ಲಿ //ಸದಸ್ಯ[@ಸಂಖ್ಯೆ = @ಸದಸ್ಯಸಂಖ್ಯೆ]/ಹೆಸರು ಎಂದು ಬರೆದರೆ ಹೆಸರೇ ಬರುವುದಿಲ್ಲ. ಯಾಕೆ?
— ಓದುಗರೊಬ್ಬರು, ಮುಳ್ಳೇರಿಯ

ಉತ್ತರ: ಚೌಕ ಆವರಣದ ಒಳಗೆ ಹೋದ ಕೂಡಲೇ ನೀವು ನಿಂತಿರುವುದು ರಶೀದಿಯಲ್ಲಲ್ಲ, ಸದಸ್ಯ ನೋಡ್‌ನಲ್ಲಿ. ಹಾಗಾಗಿ @ಸದಸ್ಯಸಂಖ್ಯೆಯನ್ನೂ ಅಲ್ಲೇ ಹುಡುಕಲಾಗುತ್ತದೆ. ಅಲ್ಲಿ ಅದು ಇಲ್ಲ, ಆದರೆ ಇಲ್ಲದ್ದನ್ನು ಕೇಳಿದರೆ, ಹೀಗೆ ಹುಡುಕುವ ಭಾಷೆಯಾದ ಎಕ್ಸ್‌ಪಾತ್ ತಪ್ಪು ಎನ್ನದೆ ಖಾಲಿ ಕೊಡುತ್ತದೆ. @ಸದಸ್ಯಸಂಖ್ಯೆಗೆ ಮೊದಲು ಕರೆಂಟ್()/ ಸೇರಿಸಿ, ಹೆಸರು ಬರುತ್ತದೆ.

ಅಷ್ಟಕ್ಕೇ ಬಿಡಬೇಡಿ. 800 ಸದಸ್ಯರು, 2,000 ರಶೀದಿ ಎಂದರೆ 16 ಲಕ್ಷ ಹೋಲಿಕೆ. ಇದಕ್ಕೆಂದೇ ಎಕ್ಸ್‌ಎಸ್‌ಎಲ್‌ಟಿಯ 1999ರ 1.0 ಆವೃತ್ತಿಯಿಂದಲೂ ಕೀ (ಬೇಗ ಹುಡುಕಲು ಮಾಡಿಡುವ ಸೂಚಿ) ಇದೆ. ಟೆಂಪ್ಲೇಟುಗಳ ಹೊರಗೆ ಎಕ್ಸ್‌ಎಸ್‌ಎಲ್:ಕೀ ಬರೆದು ನೇಮ್‌ಗೆ ‘ಸದಸ್ಯಕೀ’, ಮ್ಯಾಚ್‌ಗೆ ‘ಸದಸ್ಯ’, ಯೂಸ್‌ಗೆ ‘@ಸಂಖ್ಯೆ’ ಕೊಡಿ. ರಶೀದಿಯ ಟೆಂಪ್ಲೇಟಿನಲ್ಲಿ ಕೀ('ಸದಸ್ಯಕೀ', @ಸದಸ್ಯಸಂಖ್ಯೆ)/ಹೆಸರು ಎಂದರೆ ಸಾಕು. ಕೀ, ಕರೆಂಟ್‌ನಂಥ ಆಜ್ಞೆಗಳನ್ನು ಇಂಗ್ಲಿಷ್ ಸಣ್ಣಕ್ಷರದಲ್ಲೇ ಟೈಪ್ ಮಾಡಿ. ನಿಮ್ಮ ಟ್ಯಾಗ್‌ಗಳ ಹೆಸರು ಕನ್ನಡದಲ್ಲೇ ಇರಲಿ, ಎಕ್ಸ್‌ಎಂಎಲ್ ಅದನ್ನು ಒಪ್ಪುತ್ತದೆ.

ದರ ಹುಡುಕಲು ದರ್ಜೆಯೂ ದಿನಾಂಕವೂ ಬೇಕಲ್ಲ? ಯೂಸ್‌ನಲ್ಲಿ ಕಾನ್‌ಕ್ಯಾಟ್(@ದರ್ಜೆ, '|', @ದಿನಾಂಕ) ಹಾಕಿ, ಹುಡುಕುವಾಗಲೂ ಹಾಗೆಯೇ ಜೋಡಿಸಿ. ಪಟೋರ ದರ್ಜೆಯ ಅಡಿಕೆಯ ದರ ಉಳ್ಳಿಗಡ್ಡೆ ದರ್ಜೆಗೆ ಹೋಗುವುದಿಲ್ಲ.

ಸದಸ್ಯರ ಪಟ್ಟಿಯನ್ನು ಮುಂದೆ ಬೇರೆ ಕಡತಕ್ಕೆ ಸಾಗಿಸಿದರೆ ಕೀ ಅಲ್ಲಿಗೆ ತಾನಾಗಿ ಹೋಗದು. 2.0ದಲ್ಲಿ ಆ ಕಡತವನ್ನು ಮೂರನೇ ಆರ್ಗ್ಯುಮೆಂಟ್ ಆಗಿ ಕೊಡಬಹುದು. 1.0ದಲ್ಲಿ ಮೊದಲು ಸದಸ್ಯಸಂಖ್ಯೆಯನ್ನು ವೇರಿಯೇಬಲ್‌ನಲ್ಲಿ ಇಟ್ಟುಕೊಂಡು, ಫಾರ್-ಈಚ್ ಮೂಲಕ ಆ ಕಡತದೊಳಗೆ ಹೋಗಿ ಕೀ ಕರೆಯಿರಿ.

ಊರಿನ ಹೆಸರನ್ನು ಮಾತ್ರ ಕೀ ಮಾಡಬೇಡಿ. ಕುಂಬಳೆ ಎಂದೂ ಕುಂಬ್ಳೆ ಎಂದೂ ಬರೆಯುವವರಿದ್ದಾರೆ, ಅದು ಕಣ್ಣಿಗಾದರೂ ಕಾಣುತ್ತದೆ. ‘ಬೇಕಲ’ದ ತೊಡಕು ಕಾಣುವುದೇ ಇಲ್ಲ: ಯೂನಿಕೋಡ್‌ನಲ್ಲಿ ಏತ್ವ ಒಂದೇ ಸಂಕೇತವಾಗಿಯೂ ಇರಬಹುದು, ಎತ್ವ ಮತ್ತು ದೀರ್ಘ ಚಿಹ್ನೆ ಎಂದು ಎರಡಾಗಿಯೂ ಇರಬಹುದು. ತೆರೆಯ ಮೇಲೆ ಎರಡೂ ಒಂದೇ, ಕೀಗೆ ಬೇರೆ ಬೇರೆ. 2.0ದಲ್ಲಿ ನಾರ್ಮಲೈಸ್-ಯೂನಿಕೋಡ್() ಎರಡೂ ಕಡೆ ಹಾಕಬಹುದು, 1.0ದಲ್ಲಿ ಅದಿಲ್ಲ. ಊರಿಗೊಂದು ಕೋಡ್ ಕೊಡುವುದೇ ಕ್ಷೇಮ.

ಕೊನೆಗೆ, ಒಂದೇ ಸಂಖ್ಯೆ ಇಬ್ಬರಿಗೆ ಬಿದ್ದಿದ್ದರೆ 1.0ರ ವ್ಯಾಲ್ಯೂ-ಆಫ್ ಮೊದಲನೆಯವರನ್ನಷ್ಟೇ ತೋರಿಸುತ್ತದೆ, ಹಣ ಯಾರಿಗೆ ಹೋಯಿತೆಂದೇ ಗೊತ್ತಾಗದು. ಕೌಂಟ್(ಕೀ(…)) 1 ಅಲ್ಲದ ರಶೀದಿಗಳನ್ನೆಲ್ಲ ಎಕ್ಸ್‌ಎಸ್‌ಎಲ್:ಮೆಸೇಜ್‌ನಿಂದ ಹೊರಗೆ ತೋರಿಸಿ, ಆಮೇಲೆ ಪ್ರಿಂಟ್ ತೆಗೆಯಿರಿ.