ಪೆನ್‌ಡ್ರೈವ್‌ನಲ್ಲಿ ಬಂದ ಪ್ಲೇಯರನ್ನು ನಂಬಬಹುದೇ?

ಪ್ರಶ್ನೆ: ಇಳಕಲ್ಲಿನಲ್ಲಿ ನಮ್ಮದೊಂದು ಸೀರೆ ಅಂಗಡಿಯಿದೆ. ಸಿಸಿ ಕ್ಯಾಮೆರಾದ ದೃಶ್ಯಗಳನ್ನು ಪೆನ್‌ಡ್ರೈವ್‌ಗೆ ಹಾಕಿಸಿಕೊಂಡಾಗ, ಅವನ್ನು ನೋಡಲು ಬೇಕೆಂದು ಹೆಸರೇ ಕೇಳದ ಒಂದು ವಿಡಿಯೋ ಪ್ಲೇಯರನ್ನೂ ಕೊಟ್ಟಿದ್ದಾರೆ. ತೆರೆಯಲು ಹೋದರೆ ತಯಾರಕರು ಯಾರೆಂದು ತಿಳಿದಿಲ್ಲವೆಂದು ವಿಂಡೋಸ್ ಎಚ್ಚರಿಸುತ್ತದೆ. ಆಂಟಿವೈರಸ್ ಮಾತ್ರ ಸುಮ್ಮನಿದೆ. ಬ್ಯಾಂಕ್ ವ್ಯವಹಾರವೂ ಇದೇ ಕಂಪ್ಯೂಟರಿನಲ್ಲಿದೆ. ಏನು ಮಾಡಲಿ?
— ಓದುಗರೊಬ್ಬರು, ಇಳಕಲ್ಲ, ಬಾಗಲಕೋಟೆ ಜಿಲ್ಲೆ

ಉತ್ತರ: ವಿಂಡೋಸ್ ಕೊಡುವ ಎಚ್ಚರಿಕೆಯ ಅರ್ಥ ಆ ಪ್ರೋಗ್ರಾಮಿಗೆ ತಯಾರಕರನ್ನು ಗುರುತಿಸುವ ಮಾನ್ಯವಾದ ಡಿಜಿಟಲ್ ಸಹಿ ಇಲ್ಲವೆಂಬುದಷ್ಟೇ, ಅದು ವೈರಸ್ ಎಂದಲ್ಲ. ಹಾಗೆಯೇ ಆಂಟಿವೈರಸ್ ಸುಮ್ಮನಿರುವುದು ಸುರಕ್ಷತೆಗೆ ಪುರಾವೆಯೂ ಅಲ್ಲ, ಏಕೆಂದರೆ ತೀರ ಹೊಸ ಕೇಡು ಅದರ ಕಣ್ತಪ್ಪಿಸಬಲ್ಲದು.

ನನ್ನ ಮಟ್ಟಿಗೆ ಮೊದಲು ನೋಡಬೇಕಾದದ್ದು ಆ ಪ್ಲೇಯರ್ ಅಗತ್ಯವಿದೆಯೇ ಎಂಬುದನ್ನು. ಕ್ಯಾಮೆರಾದ ದೃಶ್ಯಗಳನ್ನು ದಾಖಲಿಸಿಡುವ ಪೆಟ್ಟಿಗೆಗಳಾದ ಅನೇಕ ಡಿವಿಆರ್‌ಗಳಲ್ಲಿ ದೃಶ್ಯವನ್ನು ನಕಲಿಸುವಾಗಲೇ ಎಂಪಿ4 ಅಥವಾ ಎವಿಐ ರೂಪವನ್ನು ಆರಿಸಿಕೊಳ್ಳಬಹುದು. ಆಗ ವಿಎಲ್‌ಸಿ ಸಾಕಾಗುತ್ತದೆ. ಪ್ಯಾರಿಸ್ಸಿನ ವಿದ್ಯಾರ್ಥಿಗಳು 1996ರಲ್ಲಿ ಆರಂಭಿಸಿದ ಯೋಜನೆಯಿಂದ ಬೆಳೆದ ಈ ಪ್ಲೇಯರಿನ ಮೂಲ ಸಂಕೇತವನ್ನು (ಸೋರ್ಸ್ ಕೋಡ್) ಯಾರು ಬೇಕಾದರೂ ಪರಿಶೀಲಿಸಬಹುದು. ಆದರೆ ಅದರ ಹೆಸರಿನ ನಕಲಿ ತಾಣಗಳೂ ಇರುವುದರಿಂದ ಅದನ್ನು ಹೊರತರುವ ವಿಡಿಯೋಲ್ಯಾನ್ ಸಂಸ್ಥೆಯ ಸ್ವಂತ ಜಾಲತಾಣದಿಂದಲೇ ಇಳಿಸಿಕೊಳ್ಳಿ. ದೃಶ್ಯವನ್ನು ಪೊಲೀಸರಿಗೆ ಕೊಡುವುದಿದ್ದರೆ ಮೂಲ ಕಡತವನ್ನು ಮುಟ್ಟದೆ ಹಾಗೆಯೇ ಉಳಿಸಿಕೊಳ್ಳಬೇಕು.

ಕಂಪನಿಯ ಪ್ಲೇಯರೇ ಬೇಕಾದಲ್ಲಿ, ಹತ್ತಾರು ಕಂಪ್ಯೂಟರುಗಳನ್ನು ಸುತ್ತಿ ಬಂದಿರಬಹುದಾದ ಪೆನ್‌ಡ್ರೈವಿನ ಪ್ರತಿಯನ್ನು ಬಿಟ್ಟು, ಡಿವಿಆರ್‌ನ ಮಾದರಿ ಸಂಖ್ಯೆಯನ್ನು ನೋಡಿಕೊಂಡು ತಯಾರಕರ ತಾಣದಿಂದಲೇ ಅದನ್ನು ಪಡೆಯಿರಿ. ತೆರೆಯುವ ಮೊದಲು, 2012ರಿಂದ ಗೂಗಲ್ ಒಡೆತನದಲ್ಲಿರುವ ವೈರಸ್‌ಟೋಟಲ್ ತಾಣಕ್ಕೆ ಏರಿಸಿದರೆ ಹಲವು ಡಜನ್ ಆಂಟಿವೈರಸ್‌ಗಳ ಅಭಿಪ್ರಾಯ ಒಟ್ಟಿಗೆ ದೊರೆಯುತ್ತದೆ. ಅಷ್ಟಾಗಿ ಹೆಸರಿಲ್ಲದ ಒಂದೆರಡು ಮಾತ್ರ ಆಕ್ಷೇಪಿಸಿದರೆ ಅದು ಸುಳ್ಳು ಎಚ್ಚರಿಕೆಯಿರಬಹುದು; ಹೆಸರಾಂತ ಹಲವು ಒಂದೇ ದನಿಯಲ್ಲಿ ಬೇಡವೆಂದರೆ ಮರುಯೋಚನೆ ಬೇಡ, ಅಳಿಸಿಬಿಡಿ. ಏರಿಸಬೇಕಾದದ್ದು ಪ್ಲೇಯರನ್ನು ಮಾತ್ರ. ಅಲ್ಲಿ ಹಾಕಿದ ಕಡತಗಳು ಇತರರಿಗೂ ಸಿಗುತ್ತವಾದ್ದರಿಂದ ಗಿರಾಕಿಗಳ ಮುಖವಿರುವ ದೃಶ್ಯಗಳನ್ನು ಖಂಡಿತ ಹಾಕಬೇಡಿ.

ಇಷ್ಟಾದರೂ ಸಂಶಯ ಉಳಿದರೆ ಬ್ಯಾಂಕ್ ವ್ಯವಹಾರವಿಲ್ಲದ ಹಳೆಯ ಕಂಪ್ಯೂಟರಿನಲ್ಲಿ, ಇಂಟರ್ನೆಟ್ ಕಡಿದು, ಪ್ಲೇಯರನ್ನು ಓಡಿಸಿ ನೋಡಬಹುದು. ಆಂಟಿವೈರಸ್ ನಿಲ್ಲಿಸಿ ಎಂದು ಕೇಳುವ ಪ್ಲೇಯರನ್ನು ಮಾತ್ರ ಯಾವ ಕಂಪ್ಯೂಟರಿಗೂ ಹಾಕಬಾರದು. ದೃಶ್ಯ ತೋರಿಸಲು ಆಂಟಿವೈರಸ್ ನಿಲ್ಲಿಸುವ ಅಗತ್ಯವೇ ಇಲ್ಲ. ಈಗಾಗಲೇ ತೆರೆದುಬಿಟ್ಟಿದ್ದರೆ ಕಂಪ್ಯೂಟರಿನ ಇಂಟರ್ನೆಟ್ ಕಡಿದು, ಬ್ಯಾಂಕಿನ ಪಾಸ್‌ವರ್ಡನ್ನು ಬೇರೆ ಸಾಧನದಿಂದ ಬದಲಿಸಿ. ಖಾತೆಯಿಂದ ಹಣ ಹೋಗಿರುವುದು ಕಂಡರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.