ದೆವ್ವ ಹುಡುಕುವವರು ಹಗಲಲ್ಲಿ ಹೋಗಬೇಕು

ಪತ್ರ: ಸಂಪಾದಕರಿಗೆ ನಮಸ್ಕಾರ. ನಾನು ಬಿ.ಇ. ಮುಗಿಸಿ ಊರಲ್ಲೇ ಕೆಲಸಕ್ಕೆ ಕಾಯುತ್ತಿದ್ದೇನೆ. ಏಳು ಜನ ಗೆಳೆಯರು ಸೇರಿ ಒಂದು ಪ್ಯಾರಾನಾರ್ಮಲ್ ಇನ್‌ವೆಸ್ಟಿಗೇಷನ್ ಕ್ಲಬ್ ಶುರು ಮಾಡಬೇಕೆಂದಿದ್ದೇವೆ. ಕೈಯಿಂದ ದುಡ್ಡು ಹಾಕಿ ಒಂದು ಇಎಂಎಫ್ ಮೀಟರ್ ತರಿಸಿದ್ದಾಗಿದೆ. ಊರಾಚೆ ಒಂದು ಪಾಳುಮನೆಯಿದೆ. ಅಮಾವಾಸ್ಯೆ ರಾತ್ರಿ ಅಲ್ಲಿ ತಂಗಿ ವಿಡಿಯೊ ಮಾಡುವ ಯೋಚನೆ. ನಮ್ಮಲ್ಲಿ ಮೂವರು ದೆವ್ವ ನಂಬುತ್ತಾರೆ, ಮೂವರು ನಂಬುವುದಿಲ್ಲ, ನಾನು ನಡುವೆ. ಅಪ್ಪ ‘ಇಲ್ಲದ ಉಸಾಬರಿ’ ಅನ್ನುತ್ತಾರೆ. ನೀವೇನು ಹೇಳುತ್ತೀರಿ? ಕ್ಲಬ್ಬಿಗೆ ಒಂದು ಒಳ್ಳೆಯ ಕನ್ನಡ ಹೆಸರನ್ನೂ ಸೂಚಿಸಿ.
— ಹೆಸರು ಬೇಡವೆಂದ ಓದುಗ, ತುಮಕೂರು ಜಿಲ್ಲೆ

ಉತ್ತರ: ಶುರು ಮಾಡಿ. ಈ ವಾರ ಬಂದ ಪತ್ರಗಳಲ್ಲಿ ನಿಮ್ಮದನ್ನು ನಾನು ಮೂರು ಸಲ ಓದಿದೆ. ಒಂದು ತಾಲ್ಲೂಕಿನಲ್ಲಿ ಏಳು ಹುಡುಗರು ಕೂತು ‘ಇದು ನಿಜವೇ, ನೋಡೇಬಿಡೋಣ’ ಅಂದುಕೊಳ್ಳುವುದು ಈ ಕಾಲದಲ್ಲಿ ಸಣ್ಣ ಸಂಗತಿಯಲ್ಲ.

ನಿಮ್ಮ ಅಪ್ಪನವರ ಮಾತಿನಲ್ಲೂ ಹುರುಳಿದೆ. ಪಾಳುಮನೆ ಎಂದರೆ ಕುಸಿಯುವ ಗೋಡೆ, ಕಟ್ಟೆಯಿಲ್ಲದ ಬಾವಿ, ಹಾವು. ಆ ಮನೆಗೆ ವಾರಸುದಾರರೂ ಇರುತ್ತಾರೆ, ಅವರನ್ನು ಕೇಳದೆ ಹೊಕ್ಕರೆ ಪೊಲೀಸ್ ಠಾಣೆ ಹತ್ತಬೇಕಾದೀತು. ಈ ಮಾತನ್ನು ಕೇಳಿ, ಆದರೆ ಅದಕ್ಕಾಗಿ ಕೆಲಸ ಕೈಬಿಡಬೇಡಿ.

ನನ್ನ ತಕರಾರು ಇರುವುದು ನಿಮ್ಮ ಅಮಾವಾಸ್ಯೆಯ ಬಗ್ಗೆ. ರಾತ್ರಿ ಯಾಕೆ? ಹನ್ನೆರಡು ಗಂಟೆಗೆ ಟಾರ್ಚ್ ಆರಿಸಿ ಏಳು ಜನ ಗೋಡೆಗೊರಗಿ ಕೂತರೆ ಇಲಿ ಓಡಿದ್ದೂ ಹೆಜ್ಜೆಯ ಸಪ್ಪಳವಾಗುತ್ತದೆ, ಗೂಬೆ ಕೂಗಿದ್ದೂ ಅಳುವಾಗುತ್ತದೆ. ಅಲ್ಲಿ ನಿಮಗೆ ಸಿಗುವುದು ನಿಮ್ಮದೇ ಭಯ. ಒಂದು ಮನೆಯಲ್ಲಿ ಏನೋ ಇದೆ ಅನ್ನುವವರ ಮಾತು ಕೇಳಬೇಕು, ಕೋಣೆ ಅಳೆಯಬೇಕು, ಸೂರು ಹತ್ತಬೇಕು, ಬಚ್ಚಲು ನೋಡಬೇಕು, ಅಕ್ಕಪಕ್ಕದವರ ಹತ್ತಿರ ಕೂತು ಕಾಫಿ ಕುಡಿಯಬೇಕು. ಇದೆಲ್ಲ ಹಗಲಿನ ಕೆಲಸ.

ನಮ್ಮ ನಾಡಿನಲ್ಲಿ ಈ ಕೆಲಸವನ್ನು ಹಗಲಲ್ಲಿ, ಎಲ್ಲರ ಕಣ್ಣೆದುರು ಮಾಡಿದವರಿದ್ದರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು. ಅಮೆರಿಕದ ಓಹಾಯೊದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಬಂದು, ಬೆಂಗಳೂರಿನ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ಲಿನ ಒಂದು ಕೋಣೆಯಲ್ಲೇ ಬಾಳು ಕಳೆದವರು. ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಪರೀಕ್ಷಿಸಬಹುದಾದ ಇತರ ಮೂಢನಂಬಿಕೆಗಳನ್ನೂ ವೈಜ್ಞಾನಿಕವಾಗಿ ತನಿಖೆ ಮಾಡಲು ಸಮಿತಿಯೊಂದನ್ನು ಕಟ್ಟಿದರು. ‘ಪರೀಕ್ಷಿಸಬಹುದಾದ’ ಎಂಬ ಮಾತಿಗೆ ಅಡಿಗೆರೆ ಎಳೆದುಕೊಳ್ಳಿ. ದೇವರಿದ್ದಾನೋ ಇಲ್ಲವೋ ಎಂಬುದು ಆ ಸಮಿತಿಯ ಪ್ರಶ್ನೆಯಾಗಿರಲಿಲ್ಲ. ಬರಿಗೈಯಿಂದ ವಿಭೂತಿ ಬರುತ್ತದೆಯೇ ಎಂಬುದು ಪ್ರಶ್ನೆ. ಅದಕ್ಕೆ ಹೌದು ಅಥವಾ ಇಲ್ಲ ಎಂಬ ಉತ್ತರವಿದೆ.

ಸಮಿತಿ ಪುಟ್ಟಪರ್ತಿಯ ಸತ್ಯ ಸಾಯಿಬಾಬಾ ಅವರಿಗೆ ಪತ್ರ ಬರೆದು ನಮ್ಮೆದುರು ಪವಾಡ ಮಾಡಿ ತೋರಿಸಿ ಎಂದು ಕೇಳಿತು. ಒಂದಲ್ಲ, ಮೂರು ಪತ್ರ. ಉತ್ತರ ಬರಲಿಲ್ಲ. ಅದೇ ವರ್ಷ ಪಾಂಡವಪುರದಲ್ಲಿ ಏಳು ವರ್ಷದ ಬಾಲಕನೊಬ್ಬನ ಮೈಯಿಂದ ವಿಭೂತಿ ಉದುರುತ್ತದೆಂದು ಜನ ಮುಗಿಬಿದ್ದಿದ್ದರು. ಸಮಿತಿಯವರು ಅಲ್ಲಿಗೇ ಹೋಗಿ ನೋಡಿದರು. ವಿಭೂತಿ ಬಟ್ಟೆಯೊಳಗೆ ಅಡಗಿತ್ತು. ಆ ಮಗುವನ್ನು ಕೂರಿಸಿ ಪೂಜೆ ಮಾಡಿಸುತ್ತಿದ್ದವರು ದೊಡ್ಡವರು ಎಂಬುದು ನನಗೆ ಇಂದಿಗೂ ಸಂಕಟ ತರುವ ವಿಷಯ. ಸಂವಿಧಾನದ 42ನೇ ತಿದ್ದುಪಡಿಯಲ್ಲಿ ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಪ್ರಜೆಯ ಮೂಲಭೂತ ಕರ್ತವ್ಯ ಎಂದು ಬರೆದದ್ದೂ 1976ರಲ್ಲೇ. ನಿಮ್ಮ ಏಳು ಜನರ ಕ್ಲಬ್ಬಿಗೆ ಅದಕ್ಕಿಂತ ದೊಡ್ಡ ಪರವಾನಗಿ ಬೇಕಿಲ್ಲ.

ಈಗ ನಾನೇ ಕಂಡದ್ದೊಂದು. ಆ ಸಮಿತಿಯ ಸುದ್ದಿ ಜನರ ಬಾಯಲ್ಲಿ ಇನ್ನೂ ಆಡುತ್ತಿದ್ದ ಕಾಲ. ನಾನು ಪಿಯುಸಿ ಓದುತ್ತಿದ್ದೆ. ನಮ್ಮ ಭೌತಶಾಸ್ತ್ರದ ಮೇಷ್ಟ್ರು ನರಸಿಂಹಯ್ಯನವರ ಶಿಷ್ಯರು. ಹತ್ತಿರದ ಹಳ್ಳಿಯ ತೊಟ್ಟಿಮನೆಯೊಂದರಲ್ಲಿ ರಾತ್ರಿಯಾದರೆ ಕಲ್ಲು ಬೀಳುತ್ತಿತ್ತು. ಸೂರಿನ ಮೇಲಿಂದ ಬಂದು ತೊಟ್ಟಿಗೇ ಬೀಳುತ್ತದೆ, ಎಸೆಯುವ ಕೈ ಮಾತ್ರ ಕಾಣುವುದಿಲ್ಲ ಎಂದು ಊರೆಲ್ಲ ಮಾತು. ಯಾರೋ ಮಾಟ ಮಾಡಿಸಿದ್ದಾರೆ ಎಂದು ದಾಯಾದಿಗಳ ಮೇಲೆ ಗುಮಾನಿ ಎದ್ದು, ಹೊಡೆದಾಟದ ಹಂತಕ್ಕೆ ಬಂದಿತ್ತು. ಮೇಷ್ಟ್ರು ನಮ್ಮಿಬ್ಬರು ಹುಡುಗರನ್ನು ಕರೆದುಕೊಂಡು ಮಧ್ಯಾಹ್ನವೇ ಹೋದರು. ಮನೆಯವರ ಜತೆ ಊಟ ಮಾಡಿದರು. ಯಾರು ಎಲ್ಲಿ ಮಲಗುತ್ತಾರೆ, ಎಷ್ಟು ಹೊತ್ತಿಗೆ ದೀಪ ಆರಿಸುತ್ತಾರೆ, ಅದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಆ ಮನೆಯ ಸೊಸೆ ಬಾಣಂತಿ. ಅವಳಿಗೆ ದಿನಕ್ಕೆರಡು ಹೊತ್ತು ಹಂಡೆಗಟ್ಟಲೆ ನೀರು ಕಾಯಿಸಬೇಕು. ಅದಕ್ಕಾಗಿ ಹದಿಮೂರು ವರ್ಷದ ನಾದಿನಿಯನ್ನು ಏಳನೇ ಕ್ಲಾಸಿಗೇ ಶಾಲೆ ಬಿಡಿಸಿದ್ದರು.

ಮಾಗಿಯ ಚಳಿ. ರಾತ್ರಿ ಒಂಬತ್ತರ ಸುಮಾರಿಗೆ ತಟ್ ಎಂದು ಒಂದು ಕಲ್ಲು ಬಿತ್ತು. ಮನೆಮಂದಿಯೆಲ್ಲ ಜಗಲಿಯಲ್ಲಿ ನಿಂತು ಸೂರಿನತ್ತ ನೋಡುತ್ತಿದ್ದರು. ಮೇಷ್ಟ್ರು ಮೇಲೆ ನೋಡಲಿಲ್ಲ, ತೊಟ್ಟಿಗೆ ಇಳಿದು ಕಲ್ಲನ್ನು ಕೈಗೆತ್ತಿಕೊಂಡರು. ನನ್ನನ್ನು ಕರೆದು ಅಂಗೈಯಲ್ಲಿಟ್ಟು, ‘ಮುಟ್ಟಿ ನೋಡು’ ಎಂದರು. ನಿಂಬೆಹಣ್ಣಿನ ಗಾತ್ರದ ಬೆಣಚುಕಲ್ಲು. ಆ ಚಳಿಯಲ್ಲಿ ಅದು ಬೆಚ್ಚಗಿತ್ತು. ಒಂದು ಮಗ್ಗುಲಿಗೆ ಮಸಿ ಹತ್ತಿತ್ತು, ನನ್ನ ಬೆರಳಿಗೂ ಅಂಟಿತು. ಹಂಡೆಯ ಒಲೆಗೆ ಒತ್ತು ಕೊಟ್ಟಿದ್ದ ಕಲ್ಲುಗಳಲ್ಲೊಂದು.

ಮೇಷ್ಟ್ರು ಯಾರಿಗೂ ಏನೂ ಹೇಳಲಿಲ್ಲ. ಬೆಳಿಗ್ಗೆ ಹುಡುಗಿಯ ಅಪ್ಪನನ್ನು ತೋಟಕ್ಕೆ ಕರೆದೊಯ್ದು ಒಂದು ಗಂಟೆ ಮಾತಾಡಿದರು. ಜೂನ್ ತಿಂಗಳಲ್ಲಿ ಆ ಹುಡುಗಿ ಸೋದರಮಾವನ ಮನೆಯಲ್ಲಿದ್ದುಕೊಂಡು ಎಂಟನೇ ಕ್ಲಾಸಿಗೆ ಸೇರಿದಳು. ಕಲ್ಲು ಬೀಳುವುದು ಅದಕ್ಕೂ ಮೊದಲೇ ನಿಂತಿತ್ತು. ನಡುವೆ ಒಬ್ಬ ಮಂತ್ರವಾದಿ ಬಂದು ಹೊಸಲಿನಡಿ ತಗಡು ಹೂಳಿ ಮುನ್ನೂರು ರೂಪಾಯಿ, ಎರಡು ಕೋಳಿ ತೆಗೆದುಕೊಂಡು ಹೋಗಿದ್ದ. ಕೀರ್ತಿಯೆಲ್ಲ ಅವನ ಪಾಲಾಯಿತು. ನನಗೆ ಉರಿದುಹೋಯಿತು. ‘ನಿಜ ಹೇಳಿಬಿಡೋಣ ಸಾರ್’ ಎಂದೆ. ‘ಹೇಳಿದರೆ ಆ ಹುಡುಗಿ ಯಾವ ಊರಲ್ಲಿ ಬದುಕಬೇಕೋ?’ ಎಂದರು. ಮೇಷ್ಟ್ರು ಮಾಡಿದ್ದು ಪೂರ್ತಿ ಸರಿಯೇ? ಆ ಮಂತ್ರವಾದಿ ಮುಂದೆ ಇನ್ನೆಷ್ಟು ಮನೆಗಳಲ್ಲಿ ತಗಡು ಹೂಳಿದನೋ. ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಆದರೆ ತನಿಖೆ ಯಾರಿಗಾಗಿ ಎಂಬುದರಲ್ಲಿ ನನಗೆ ಅಂದಿನಿಂದ ಅನುಮಾನ ಉಳಿದಿಲ್ಲ. ಅದು ದೆವ್ವಕ್ಕಾಗಿ ಅಲ್ಲ, ವಿಡಿಯೊಗಾಗಿ ಅಲ್ಲ. ಆ ಮನೆಯಲ್ಲಿ ಹೆದರಿ ಕೂತವರಿಗಾಗಿ, ಬಾಯಿಬಿಟ್ಟು ಹೇಳಲಾರದವರಿಗಾಗಿ.

ನಿಮ್ಮ ಮೀಟರಿನ ವಿಷಯ. ಅದು ಅಳೆಯುವುದು ವಿದ್ಯುತ್ಕಾಂತೀಯ ಕ್ಷೇತ್ರವನ್ನು. ಗೋಡೆಯೊಳಗಿನ ವೈರು, ಪಂಪ್‌ಸೆಟ್, ನಿಮ್ಮ ಜೇಬಿನ ಮೊಬೈಲು ಎಲ್ಲಕ್ಕೂ ಅದರ ಮುಳ್ಳು ಜಿಗಿಯುತ್ತದೆ. ಸತ್ತವರಿಗೂ ಆ ಮುಳ್ಳಿಗೂ ನಂಟಿದೆಯೆಂದು ಯಾರೂ ತೋರಿಸಿಕೊಟ್ಟಿಲ್ಲ. ತಂದದ್ದನ್ನು ಎಸೆಯಬೇಡಿ, ಹಳೆಯ ಮನೆಗಳ ವೈರಿಂಗ್ ಎಲ್ಲೆಲ್ಲಿ ಹರಿದಿದೆ ಎಂದು ನೋಡಲಿಕ್ಕಾಗುತ್ತದೆ. ಜತೆಗೆ ಒಂದು ಅಳತೆ ಟೇಪು, ಥರ್ಮಾಮೀಟರು, ಸೀಮೆಸುಣ್ಣ, ದಪ್ಪ ನೋಟ್‌ಬುಕ್ಕು ಇಟ್ಟುಕೊಳ್ಳಿ.

ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ವಿಕ್ ಟ್ಯಾಂಡಿ ಎಂಬ ಎಂಜಿನಿಯರ್ ಇದ್ದರು. ನೀವೂ ಎಂಜಿನಿಯರ್ ಆದ್ದರಿಂದ ಇದು ನಿಮಗೆ ಹಿಡಿಸೀತು. ಅವರ ಪ್ರಯೋಗಾಲಯದಲ್ಲಿ ದೆವ್ವವಿದೆ ಎಂದು ಸುದ್ದಿಯಿತ್ತು. ಒಂದು ರಾತ್ರಿ ಒಬ್ಬರೇ ಕೂತಿದ್ದಾಗ ಮೈ ತಣ್ಣಗಾಗಿ ಬೆವರಿತು, ಕಣ್ಣಂಚಿನಲ್ಲಿ ಬೂದು ಬಣ್ಣದ ಆಕೃತಿಯೊಂದು ಸರಿಯಿತು, ತಿರುಗಿದರೆ ಏನೂ ಇಲ್ಲ. ಅವರು ಮನೆಗೆ ಹೋದರು. ಮರುದಿನ ಕತ್ತಿವರಸೆಯ ಪಂದ್ಯಕ್ಕೆಂದು ತಮ್ಮ ತೆಳುಕತ್ತಿಯನ್ನು ಸರಿಮಾಡಲು ಅಲ್ಲಿಯೇ ಬಿಗಿಹಿಡಿಯುವ ವೈಸ್‌ಗೆ ಸಿಕ್ಕಿಸಿದಾಗ, ಯಾರೂ ಮುಟ್ಟದೆ ಅದರ ಅಲಗು ಅದುರತೊಡಗಿತು. ಅವರು ಹೆದರಿ ಓಡಲಿಲ್ಲ. ಕತ್ತಿಯನ್ನು ಕೋಣೆಯುದ್ದಕ್ಕೂ ಸರಿಸುತ್ತ, ಅದು ಎಲ್ಲಿ ಹೆಚ್ಚು ಅದುರುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ನೋಡಿದರು. ಹೊಸದಾಗಿ ಕೂರಿಸಿದ್ದ ಗಾಳಿ ಹೊರಹಾಕುವ ಫ್ಯಾನು ಸೆಕೆಂಡಿಗೆ ಸುಮಾರು 19 ಕಂಪನದ ಸದ್ದು ಹೊರಡಿಸುತ್ತಿತ್ತು. ನಮ್ಮ ಕಿವಿಗೆ ನಿಲುಕದಷ್ಟು ತಗ್ಗಿನ ಸದ್ದು. ಫ್ಯಾನಿನ ಜೋಡಣೆ ಬದಲಿಸಿದ ಮೇಲೆ ಆ ಅನುಭವ ನಿಂತಿತು. 1998ರಲ್ಲಿ ಅವರು ಇದನ್ನು ಪ್ರಕಟಿಸಿದ್ದು, 1882ರಿಂದ ಲಂಡನ್ನಿನಲ್ಲಿ ನಡೆದುಬಂದಿರುವ, ಇಂಥ ಸಂಗತಿಗಳನ್ನೇ ಪರಿಶೀಲಿಸುವ ಸಂಸ್ಥೆಯ ಪತ್ರಿಕೆಯಲ್ಲಿ. ಕಂಡದ್ದಕ್ಕೆಲ್ಲ ಆ ಸದ್ದೊಂದೇ ಕಾರಣವೆಂದು ಎಲ್ಲರೂ ಒಪ್ಪಿಲ್ಲ. ನನಗೆ ಮುಖ್ಯವಾಗಿ ಕಂಡದ್ದು, ರಾತ್ರಿ ಬೆವರಿದ ಮನುಷ್ಯ ಹಗಲಲ್ಲಿ ಅದೇ ಕೋಣೆಗೆ ವಾಪಸು ಬಂದು ನಿಂತದ್ದು.

ನಮ್ಮಲ್ಲಿ ಇಂಥ ಕೋಣೆಗಳಿಗೆ ಬರವೇ? ಮಲೆನಾಡಿನ ಬಾಣಂತಿ ಕೋಣೆಯನ್ನು ನೆನೆಸಿಕೊಳ್ಳಿ. ಕಿಟಕಿ ಮುಚ್ಚಿ, ಬಾಗಿಲಿಗೆ ಕಂಬಳಿ ಇಳಿಬಿಟ್ಟು, ಮಂಚದಡಿ ಇದ್ದಿಲ ಅಗ್ಗಿಷ್ಟಿಕೆ ಇಟ್ಟಿರುತ್ತಾರೆ. ಇದ್ದಿಲಿನಿಂದ ಕಾರ್ಬನ್ ಮೊನಾಕ್ಸೈಡ್ ಹೊರಡುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಸಿಡಿಯುತ್ತದೆ, ಮಂಕು ಕವಿಯುತ್ತದೆ, ಇಲ್ಲದ್ದು ಕಾಣಲೂಬಹುದು, ಹೆಚ್ಚಾದರೆ ಜೀವವೇ ಹೋಗುತ್ತದೆ. ಇನ್ನೊಂದು, ಹೆರಿಗೆಯ ನಂತರ ಬರುವ ತೀವ್ರ ಮಾನಸಿಕ ಕಾಯಿಲೆ. ನಮ್ಮ ಹಿರಿಯರು ಅದಕ್ಕೆ ಬಾಣಂತಿ ಸನ್ನಿ ಎಂದು ಹೆಸರಿಟ್ಟು ಕಾಯಿಲೆಯೆಂದೇ ಗುರುತಿಸಿದ್ದರು. ಆದರೂ ಹೆಣ್ಣುಮಗಳು ಒಂದು ಸಲ ತನ್ನಷ್ಟಕ್ಕೆ ನಕ್ಕರೆ ಗಾಳಿ ಸೋಕಿದೆ ಎಂದು ಬೇವಿನ ಸೊಪ್ಪು ಹುಡುಕಲು ಹೊರಡುತ್ತೇವೆ.

ನನ್ನ ಸಿಟ್ಟೆಲ್ಲ ಇರುವುದು ಇಲ್ಲಿ. ದೆವ್ವ ಮೆಟ್ಟಿತು ಎನ್ನಿಸಿಕೊಂಡವರನ್ನು ಲೆಕ್ಕ ಹಾಕಿ ನೋಡಿ. ಹೊಸ ಸೊಸೆ, ಮಕ್ಕಳಾಗದವಳು, ಗಂಡ ಬಿಟ್ಟವಳು, ಶಾಲೆ ಬಿಡಿಸಿದ ಹುಡುಗಿ. ನಲವತ್ತು ಎಕರೆ ತೋಟದ ಯಜಮಾನನಿಗೆ ಮೆಟ್ಟಿದ್ದನ್ನು ನಾನಂತೂ ಕಂಡಿಲ್ಲ. ದೆವ್ವ ಬಿಡಿಸುತ್ತೇವೆಂದು ಹೊಡೆಯುವುದು, ಕಟ್ಟಿಹಾಕುವುದು ನಮ್ಮ ರಾಜ್ಯದ 2017ರ ಕಾಯ್ದೆಯ ಪ್ರಕಾರ ಅಪರಾಧ. ಒಂದರಿಂದ ಏಳು ವರ್ಷ ಸೆರೆವಾಸವಿದೆ. 2020ರ ಜನವರಿಯಿಂದ ಅದು ಜಾರಿಯಲ್ಲಿದೆ. ನಿಮ್ಮೂರಿನಲ್ಲಿ ಎಷ್ಟು ಜನಕ್ಕೆ ಇದು ಗೊತ್ತು, ಕೇಳಿ ನೋಡಿ. ಹಳ್ಳಿಯ ಮಾನಸಿಕ ರೋಗಿಗೆ ಹತ್ತಿರದಲ್ಲೇ ಚಿಕಿತ್ಸೆ ಕೊಡಬಹುದೆಂದು ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದರು. ಅದೇ ಮಾದರಿಯಲ್ಲಿ ದೇಶಕ್ಕೆಲ್ಲ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಈಗ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಮಂತ್ರವಾದಿಯ ನಂಬರು ಬಸ್ ಸ್ಟ್ಯಾಂಡಿನ ಕಂಬಕಂಬದಲ್ಲಿದೆ, ಈ ನಂಬರು ಎಲ್ಲಿದೆ? ಬೆಳಿಗ್ಗೆ ಟಿವಿ ಹಚ್ಚಿದರೆ ಯಾವ ಬಣ್ಣದ ಬಟ್ಟೆ ತೊಡಬೇಕೆಂದು ಹೇಳುವವರಿದ್ದಾರೆ. ನಾನು ಭೇಟಿಕೊಟ್ಟ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಬೀರುವಿನ ಬೀಗದ ಕೈ ಕಳೆದು ಎರಡು ವರ್ಷವಾಗಿತ್ತು.

1995ರ ಸೆಪ್ಟೆಂಬರ್ 21ರಂದು ದೇಶದ ಗಣಪತಿಗಳೆಲ್ಲ ಹಾಲು ಕುಡಿದ ದಿನ ನಾನೂ ಸಾಲಿನಲ್ಲಿ ನಿಂತೆ. ಚಮಚೆ ಓರೆಮಾಡಿ ಸೊಂಡಿಲಿಗೆ ತಾಗಿಸಿದೆ, ಹಾಲು ಹೋಯಿತು. ಬಗ್ಗಿ ನೋಡಿದರೆ ಒದ್ದೆ ಕಲ್ಲಿನ ಮೇಲೆ ಹಾಲು ತೆಳ್ಳಗೆ ಪದರವಾಗಿ ಹೊಟ್ಟೆಯ ಮಡಿಕೆಯಿಂದ ಇಳಿದು ಪೀಠದ ಸುತ್ತ ನಿಂತಿತ್ತು. ದ್ರವದ ಮೇಲ್ಮೈ ಎಳೆತ, ಹೈಸ್ಕೂಲು ಪಾಠ. ಹಾಲಿಗೆ ಬಣ್ಣ ಬೆರೆಸಿ ಅದು ಇಳಿಯುವ ದಾರಿಯನ್ನು ವಿಜ್ಞಾನಿಗಳು ತೋರಿಸಿದರು ಕೂಡ. ಆದರೆ ನಮ್ಮೂರಿನಲ್ಲಿ ಒಂದು ಚಿಟಿಕೆ ಕುಂಕುಮ ಬೆರೆಸಿ ತೋರಿಸಲು ಆ ಹೊತ್ತಿಗೆ ಯಾರೂ ಇರಲಿಲ್ಲ. ನಾನೂ ಬಾಯಿ ತೆರೆಯದೆ ಮನೆಗೆ ಬಂದೆ. ನಿಮ್ಮಂಥ ಏಳು ಜನ ಅಂದು ಇರಬೇಕಿತ್ತು.

ನಂಬುವ ಮೂವರನ್ನು ಗುಂಪಿನಿಂದ ಬಿಡಬೇಡಿ. ಎಲ್ಲರೂ ನಂಬದವರೇ ಆದರೆ ಮನೆಯವರ ಮಾತು ಪೂರ್ತಿ ಕೇಳುವ ಮೊದಲೇ ನಗುತ್ತೀರಿ. ನಗುವವರ ಮುಂದೆ ಯಾರೂ ಎದೆ ಬಿಚ್ಚುವುದಿಲ್ಲ. ರಾತ್ರಿ ಎಚ್ಚರವಾಗಿ ಕೈಕಾಲು ಅಲುಗದೆ, ಎದೆಯ ಮೇಲೆ ಯಾರೋ ಕೂತಂತಾಯಿತು ಎನ್ನುವವರು ಸುಳ್ಳು ಹೇಳುತ್ತಿಲ್ಲ. ವೈದ್ಯರು ಅದನ್ನು ಸ್ಲೀಪ್ ಪ್ಯಾರಾಲಿಸಿಸ್ ಅನ್ನುತ್ತಾರೆ. ಅನುಭವ ನಿಜ, ಕೂತವರು ಮಾತ್ರ ಯಾರೂ ಇಲ್ಲ. ಹಾಗೆಯೇ ಕರಾವಳಿಗೆ ಹೋದಾಗ ಭೂತದ ಕೋಲಕ್ಕೆ ಮೀಟರ್ ಹಿಡಿದು ಹೋಗಬೇಡಿ. ಅಲ್ಲಿನ ಭೂತ ಎಂದರೆ ದೈವ, ಊರಿನ ನ್ಯಾಯ, ನೆಲದ ನೆನಪು. ಹೆದರಿಕೆಯ ದೆವ್ವವಲ್ಲ.

ಹೆಸರು ಕೇಳಿದ್ದೀರಿ. ‘ಪ್ರೇತ’, ‘ಅಗೋಚರ’ ಎಂದೆಲ್ಲ ಬೇಡ. ‘ನೋಡೋಣ ಬಳಗ’ ಎಂದಿಡಿ. ಯಾರ ಮನೆಗಾದರೂ ಹೋಗಿ ಆ ಹೆಸರು ಹೇಳಿದರೆ ಒಳಗೆ ಕರೆದು ಚಾಪೆ ಹಾಸುತ್ತಾರೆ.

ಪಾಳುಮನೆಗೆ ಒಂದು ಭಾನುವಾರ ಬೆಳಿಗ್ಗೆ ಹೋಗಿ. ಅದಕ್ಕೂ ಮೊದಲು ಅಲ್ಲಿ ಕಡೆಗೆ ಬಾಳಿದವರು ಯಾರು, ಯಾಕೆ ಬಿಟ್ಟರು, ಆ ಜಾಗದ ಮೇಲೆ ಯಾರಿಗೆ ಕಣ್ಣಿದೆ ಎಂದು ವಿಚಾರಿಸಿ. ಕಂಡದ್ದನ್ನು ಬರೆದು ನಮಗೆ ಕಳುಹಿಸಿ, ನಾಲ್ಕು ಪುಟ ತೆಗೆದಿಡುತ್ತೇನೆ. ಏನೂ ಸಿಗದಿದ್ದರೆ ಏನೂ ಸಿಗಲಿಲ್ಲ ಎಂದೇ ಬರೆಯಿರಿ, ಅದನ್ನೂ ಹಾಕುತ್ತೇನೆ. ಅಲ್ಲಿ ಯಾವುದಾದರೂ ಹುಡುಗಿಯ ಮಾತು ಬಂದರೆ ಅವಳ ಹೆಸರು, ಊರು ನನಗೂ ತಿಳಿಸಬೇಡಿ.